ಕಾಲಿನ ಗಂಟು, ಎದೆಯ ಕೆಮ್ಮು

ಇದು ಒಂದು ಮನೆಯ ಕಥೆ. ಹೆಸರು ಬೇಡ. ಇಂಥ ಮನೆ ಯಾವ ಊರಲ್ಲಾದರೂ ಇರಬಹುದು. ತುಮಕೂರು ಕಡೆಯ ಒಂದು ಹಳ್ಳಿ ಅಂತ ಇಟ್ಟುಕೊಳ್ಳಿ.

ಮನೆಯಲ್ಲಿ ಅತ್ತೆ, ಮಗ, ಸೊಸೆ, ಮೂರು ವರ್ಷದ ಮಗು. ಸೊಸೆಗೆ 24 ವರ್ಷ. ಬೆಳಗ್ಗೆ ಕೊಟ್ಟಿಗೆ ಕೆಲಸ. ಆಮೇಲೆ ಹೊಲ. ಸಂಜೆ ಕೂತು ಊದುಬತ್ತಿ ಹೊಸೆಯುತ್ತಾಳೆ.

ದೀಪಾವಳಿ ಕಳೆದ ಒಂದು ದಿನ. ಸೊಸೆ ಬಚ್ಚಲಲ್ಲಿ ಕಾಲು ತೊಳೆಯುತ್ತಿದ್ದಳು. ಮೊಣಕಾಲಿನ ಕೆಳಗೆ, ಮುಂದಿನ ಎಲುಬಿನ ಮೇಲೆ ಏನೋ ಕೈಗೆ ಸಿಕ್ಕಿತು. ಗಂಟು. ಒಂದಲ್ಲ, ಐದಾರು. ಎರಡು ಕಾಲಲ್ಲೂ ಇದ್ದವು. ಕೆಲವು ನೆಲ್ಲಿಕಾಯಿ ಗಾತ್ರ, ಕೆಲವು ಇನ್ನೂ ದೊಡ್ಡವು. ಮುಟ್ಟಿದರೆ ಬಿಸಿ. ಒತ್ತಿದರೆ ಜೀವ ಹೋದಂತೆ ನೋವು.

ಅವಳು ಯಾರಿಗೂ ಹೇಳಲಿಲ್ಲ. ಸೀರೆ ಇಳಿಬಿಟ್ಟು ಓಡಾಡಿದಳು. ನಾಲ್ಕನೇ ದಿನ ಅತ್ತೆ ಕೇಳಿದರು.

"ಯಾಕವ್ವ, ಕುಂಟ್ತಾ ಇದೀಯ?"

"ಏನಿಲ್ಲ ಅತ್ತೆ. ಕಲ್ಲು ಎಡವಿದೆ."

ಕಲ್ಲು ಎಡವಿದರೆ ಎರಡೂ ಕಾಲು ಊದುತ್ತದೆಯೆ? ಅತ್ತೆ ಬಿಡಲಿಲ್ಲ. ಸೀರೆ ಎತ್ತಿ ನೋಡಿದರು. ಪಕ್ಕದ ಮನೆಯವರನ್ನೂ ಕರೆದರು. ಪಕ್ಕದ ಮನೆಯಾಕೆ "ಇದು ನಾಗದೋಷ. ಹುತ್ತಕ್ಕೆ ಹಾಲೆರೆದು ಬನ್ನಿ" ಅಂದರು. ಇನ್ನೊಬ್ಬರು "ಸುಣ್ಣ ಬೆಲ್ಲ ಕಲಸಿ ಹಚ್ಚಿ" ಅಂದರು. ಸಂತೆಯ ಊರಲ್ಲಿ ಒಬ್ಬರು ಸೂಜಿ ಹಾಕಿದರು. ಎರಡು ದಿನ ನೋವು ಇಳಿಯಿತು. ಮೂರನೇ ದಿನ ಮತ್ತೆ ಬಂತು. ಹೊಸ ಗಂಟೂ ಎದ್ದಿತು.

ಅದೇ ವಾರ ಮಗುವಿನ ತೂಕ ನೋಡಲು ಆಶಾ ಅಕ್ಕ ಮನೆಗೆ ಬಂದರು. ಸೊಸೆಯ ಕಾಲು ನೋಡಿದರು. ಕಾಲಿನ ವಿಷಯ ಬಿಟ್ಟು ಬೇರೇನೋ ಕೇಳಿದರು.

"ಕೆಮ್ಮು ಇದೆಯೇನಮ್ಮ?"

"ಇದೆ ಅಕ್ಕ. ತಿಂಗಳಾಯ್ತು. ಊದುಬತ್ತಿ ಪುಡಿ ಗಂಟಲಿಗೆ ಹೋಗುತ್ತೆ, ಅದಕ್ಕೆ."

"ಸಂಜೆ ಜ್ವರ?"

"ಮೈ ಬೆಚ್ಚಗಾಗುತ್ತೆ. ಬೆಳಗ್ಗೆ ಸರಿ ಹೋಗುತ್ತೆ."

"ರವಿಕೆ ಸಡಿಲ ಆಗಿದೆಯಾ?"

ಸೊಸೆ ಸುಮ್ಮನಾದಳು. ಎರಡು ಸಲ ಹೊಲಿಗೆ ಹಿಡಿದಿದ್ದಳು. ಆಮೇಲೆ ಕೇಳಿದಳು. "ಕಾಲಿಗೂ ಕೆಮ್ಮಿಗೂ ಏನಕ್ಕ ಸಂಬಂಧ?"

ಕಳ್ಳ ಒಂದು ಕಡೆ, ನಾಯಿ ಒಂದು ಕಡೆ

ಸಂಬಂಧ ಇದೆ. ಅದನ್ನೇ ಇಲ್ಲಿ ಹೇಳುತ್ತೇವೆ.

ನಮ್ಮ ಮೈಯೊಳಗೆ ಒಂದು ಕಾವಲು ಪಡೆ ಇದೆ. ರೋಗದ ಕ್ರಿಮಿ ಒಳಗೆ ಬಂದರೆ ಈ ಪಡೆ ಏಳುತ್ತದೆ. ಕ್ರಿಮಿಯ ಜೊತೆ ಗುದ್ದಾಡುತ್ತದೆ. ಈ ಗುದ್ದಾಟದಿಂದಲೇ ಜ್ವರ ಬರುತ್ತದೆ, ಊತ ಬರುತ್ತದೆ, ನೋವು ಬರುತ್ತದೆ. ಕೆಲವರಲ್ಲಿ ಕ್ರಿಮಿ ಎದೆಯೊಳಗೆ ಇರುತ್ತದೆ, ಊತ ಮಾತ್ರ ಕಾಲಿನಲ್ಲಿ ಕಾಣುತ್ತದೆ. ಕಾವಲು ಪಡೆ ರಕ್ತದ ಜೊತೆ ಮೈಯೆಲ್ಲಾ ಓಡಾಡುತ್ತದಲ್ಲ, ಅದಕ್ಕೆ. ಕಾಲಿನ ಚರ್ಮದ ಕೆಳಗೆ ಕೊಬ್ಬಿನ ಪದರ ಇದೆ. ಆ ಪದರ ಊದಿ ಗಂಟಾಗುತ್ತದೆ.

ಕಣಜಕ್ಕೆ ಕಳ್ಳ ನುಗ್ಗಿದ್ದಾನೆ. ನಾಯಿ ಬೀದಿಯಲ್ಲಿ ನಿಂತು ಬೊಗಳುತ್ತಿದೆ. ನಾವು ಎದ್ದು ಬಂದು ನಾಯಿಗೆ ಹೊಡೆದು ಮಲಗಿದರೆ? ಕಳ್ಳ ರಾಗಿ ಹೊತ್ತುಕೊಂಡು ಹೋಗುತ್ತಾನೆ. ಕಾಲಿನ ಗಂಟಿಗೆ ಬರೀ ಲೇಪ ಹಚ್ಚುವುದು ಹೀಗೇ ಆಯಿತು.

ಈ ಗಂಟಿನ ಕಾಯಿಲೆಗೆ ಡಾಕ್ಟರರು ಎರಿತೀಮಾ ನೋಡೋಸಮ್ ಅನ್ನುತ್ತಾರೆ. ಹೆಸರು ಬಾಯಿಗೆ ಹೊರಳದು. ಹೊರಳದಿದ್ದರೂ ಪರವಾಗಿಲ್ಲ. ಅದರ ಗುರುತು ತಿಳಿದಿದ್ದರೆ ಸಾಕು. ಗಂಟುಗಳು ಹೆಚ್ಚಾಗಿ ಮೊಣಕಾಲಿನ ಕೆಳಗೆ, ಮುಂಭಾಗದಲ್ಲಿ ಬರುತ್ತವೆ. ಎರಡೂ ಕಾಲಿಗೆ ಬರುತ್ತವೆ. ಕೆಂಪಗೆ ಇರುತ್ತವೆ ಎಂದು ಪುಸ್ತಕದಲ್ಲಿ ಬರೆದಿರುತ್ತದೆ. ಆದರೆ ನಮ್ಮ ಮೈಬಣ್ಣಕ್ಕೆ ಕೆಂಪು ಎದ್ದು ಕಾಣುವುದಿಲ್ಲ. ಕಂದು ಅಥವಾ ನೇರಳೆ ಬಣ್ಣಕ್ಕೆ ಕಾಣಬಹುದು. ಹಾಗಾಗಿ ಕಣ್ಣಿಗಿಂತ ಕೈಯನ್ನು ನಂಬಿ. ಮುಟ್ಟಿ ನೋಡಿ. ಬಿಸಿ ಇದೆಯಾ, ಗಟ್ಟಿ ಇದೆಯಾ, ನೋವಿದೆಯಾ? ಜೊತೆಗೆ ಜ್ವರ, ಕೀಲುನೋವು, ಸುಸ್ತು ಇರಬಹುದು.

ದಿನ ಕಳೆದಂತೆ ಗಂಟಿನ ಬಣ್ಣ ಬದಲಾಗುತ್ತದೆ. ಏಟು ಬಿದ್ದ ಜಾಗ ಮೊದಲು ಕಪ್ಪಾಗಿ, ಆಮೇಲೆ ಹಸಿರು ಹಳದಿ ಆಗುತ್ತದಲ್ಲ, ಹಾಗೆ. ಸಾಮಾನ್ಯವಾಗಿ 3ರಿಂದ 6 ವಾರದಲ್ಲಿ ಇಳಿಯುತ್ತದೆ. ಒಡೆಯುವುದಿಲ್ಲ, ಕೀವಾಗುವುದಿಲ್ಲ, ಗಾಯದ ಕಲೆ ಉಳಿಯುವುದಿಲ್ಲ. ಗಂಟು ಒಡೆದು ಹುಣ್ಣಾದರೆ ಅದು ಬೇರೆ ಕಾಯಿಲೆ ಇರಬಹುದು. ಕಾಲಿನ ಹಿಂಭಾಗದ ಮೀನಖಂಡದಲ್ಲಿ ಗಂಟು ಎದ್ದು ಹುಣ್ಣಾಗುವುದೂ ಉಂಟು. ಅದಕ್ಕೂ ಕ್ಷಯಕ್ಕೂ ನಂಟಿದೆ. ಅದನ್ನೂ ತೋರಿಸಬೇಕು.

ಈ ಕಾಯಿಲೆ ಗಂಡಸರಿಗಿಂತ ಹೆಂಗಸರಿಗೆ ಬಹಳ ಹೆಚ್ಚು. ಅದರಲ್ಲೂ 20ರಿಂದ 40 ವರ್ಷದವರಿಗೆ. ಅಂದರೆ ಮನೆಯ ಕೆಲಸವೆಲ್ಲ ಯಾರ ತಲೆಯ ಮೇಲಿದೆಯೋ ಅವರಿಗೇ. ಅವರೇ ಕಾಲು ಮುಚ್ಚಿಕೊಂಡು ಓಡಾಡುವವರು.

ಯಾವ ಕ್ರಿಮಿ?

ಗಂಟು ಬಂದವರಿಗೆಲ್ಲ ಕ್ಷಯ ಇದೆ ಎಂದು ತಿಳಿಯಬೇಡಿ. ಗಂಟಲು ನೋವಿನ ಕ್ರಿಮಿಯಿಂದಲೂ ಗಂಟು ಏಳುತ್ತದೆ. ಕೆಲವು ಔಷಧಿಯಿಂದ, ಗರ್ಭ ತಡೆಯುವ ಮಾತ್ರೆಯಿಂದ, ಬಸಿರಿನಲ್ಲಿ, ಕರುಳಿನ ಕಾಯಿಲೆಯಲ್ಲಿ ಕೂಡ ಬರಬಹುದು. ಎಷ್ಟೋ ಜನರಲ್ಲಿ ಕಾರಣವೇ ಸಿಗುವುದಿಲ್ಲ. ಗಂಟು ತಾನಾಗಿ ಬಂದು ತಾನಾಗಿ ಹೋಗುತ್ತದೆ.

ಆದರೆ ನಮ್ಮ ದೇಶದಲ್ಲಿ ಕ್ಷಯ ಬಹಳ ಇದೆ. ಆದ್ದರಿಂದ ನಮ್ಮಲ್ಲಿ ಗಂಟು ಬಂದರೆ ಕ್ಷಯ ಇದೆಯೇ ಎಂದು ನೋಡಲೇಬೇಕು. ಕ್ಷಯದ ಕ್ರಿಮಿಯನ್ನು 1882ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಕಂಡುಹಿಡಿದರು. ಅದು ಗಾಳಿಯಲ್ಲಿ ಬರುತ್ತದೆ. ಎದೆಯ ಕ್ಷಯ ಇರುವವರು ಕೆಮ್ಮಿದಾಗ ಹೊರಗೆ ಬರುತ್ತದೆ. ಉಸಿರಿನ ಜೊತೆ ನಮ್ಮ ಶ್ವಾಸಕೋಶಕ್ಕೆ ಹೋಗುತ್ತದೆ. ಕ್ರಿಮಿ ಹೊಸದಾಗಿ ಒಳಗೆ ಬಂದ ಕೆಲವು ವಾರಗಳಲ್ಲೇ ಕಾಲಿನ ಗಂಟು ಏಳಬಹುದು. ಆಗ ಕೆಮ್ಮು ಇನ್ನೂ ಶುರುವಾಗಿರುವುದೇ ಇಲ್ಲ. ಮಕ್ಕಳಲ್ಲಿ ಹೀಗೆ ಆದರೆ, ಹತ್ತಿರದ ಯಾರೋ ದೊಡ್ಡವರಿಗೆ ಕ್ಷಯ ಇದೆ ಎಂದೇ ಹುಡುಕಬೇಕು.

ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಕಾಲಿನ ಗಂಟಿನೊಳಗೆ ಹರಡುವ ಕ್ರಿಮಿ ಇಲ್ಲ. ಗಂಟು ಮುಟ್ಟಿದರೆ ಯಾರಿಗೂ ಏನೂ ಅಂಟುವುದಿಲ್ಲ. ಆ ಕಾಲು ಒತ್ತಬಹುದು, ತೊಳೆಯಬಹುದು. ಅಂಟುವುದು ಕೆಮ್ಮಿನಿಂದ.

ಗಂಡಮಾಲೆ ಬೇರೆ. ಕತ್ತಿನ ಗಂಟು ಊದಿ, ಮೇಲಿನ ಚರ್ಮ ಒಡೆದು ಸೋರುತ್ತದಲ್ಲ, ಅದರೊಳಗೆ ಕ್ಷಯದ ಕ್ರಿಮಿಯೇ ಇರುತ್ತದೆ. ಅದಕ್ಕೂ ಕ್ಷಯದ ಮಾತ್ರೆಯೇ ಮದ್ದು. ಹಿಂದೆ ನಮ್ಮಲ್ಲಿ ಇದಕ್ಕೆ ಬರೆ ಹಾಕುತ್ತಿದ್ದರು. ಬರೆಯಿಂದ ಕ್ರಿಮಿ ಸಾಯುವುದಿಲ್ಲ. ಮಗು ಅಳುತ್ತದೆ, ಅಷ್ಟೆ.

ಇನ್ನೊಂದು ಕ್ರಿಮಿಯ ವಿಷಯವನ್ನೂ ತಾಯಂದಿರು ತಿಳಿದಿರಬೇಕು. ಅದರ ಹೆಸರು ಮೈಕೋಪ್ಲಾಸ್ಮ. ಅದೂ ಎದೆಗೆ ಸೋಂಕು ತರುತ್ತದೆ. ಶಾಲೆಗೆ ಹೋಗುವ ಮಕ್ಕಳಿಗೆ, ಹರೆಯದವರಿಗೆ ಹೆಚ್ಚು. ಮೊದಲು ಜ್ವರ, ಒಣಕೆಮ್ಮು. ಕೆಲವರಿಗೆ ಒಂದು ವಾರದ ಹೊತ್ತಿಗೆ ಬಾಯಿ, ತುಟಿ ಹುಣ್ಣಾಗುತ್ತದೆ. ಕಣ್ಣು ಕೆಂಪಾಗುತ್ತದೆ. ಉಚ್ಚೆ ಮಾಡುವ ಜಾಗದಲ್ಲೂ ಹುಣ್ಣಾಗುತ್ತದೆ. ಮೈಮೇಲೆ ಬೊಬ್ಬೆ ಅಥವಾ ಉಂಗುರದ ಹಾಗೆ ಕಲೆ ಏಳಬಹುದು. ಇದನ್ನು "ಅಮ್ಮ" ಎಂದು ಬೇವಿನ ಸೊಪ್ಪು ಹಾಸಿ ಮಲಗಿಸಬೇಡಿ. ಮಗು ನೀರು ಕುಡಿಯಲೂ ಆಗದೆ ಸೊರಗುತ್ತದೆ. ಕಣ್ಣಿಗೂ ಅಪಾಯ. ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಪೆನಿಸಿಲಿನ್ ಜಾತಿಯ ಮದ್ದು ಈ ಕ್ರಿಮಿಗೆ ನಾಟುವುದಿಲ್ಲ. ಆ ಮದ್ದು ಕ್ರಿಮಿಯ ಹೊರಗೋಡೆ ಒಡೆಯುವಂಥದ್ದು. ಈ ಕ್ರಿಮಿಗೆ ಗೋಡೆಯೇ ಇಲ್ಲ! ಅದಕ್ಕೆ ಬೇರೆ ಮದ್ದು ಇದೆ. ಅಂಗಡಿಯಲ್ಲಿ ಮಾತ್ರೆ ತಂದು ಕೊಟ್ಟು ದಿನ ಕಳೆಯಬಾರದು ಅನ್ನುವುದು ಅದಕ್ಕೇ.

ಕೆಮ್ಮಿನ ಬಾಟಲಿ

ಸೊಸೆಯ ಕಥೆಗೆ ಬರೋಣ. ಆಸ್ಪತ್ರೆಗೆ ಹೋಗಲು ಅವಳಿಗೆ ಮನಸ್ಸಿರಲಿಲ್ಲ.

"ಕಾಲಿಗೆ ಮಾತ್ರೆ ತಗೊಂಡು ಬರ್ತೀನಿ. ಕೆಮ್ಮಿನ ವಿಷಯ ಹೇಳಲ್ಲ. ಟಿ.ಬಿ. ಅಂದ್ರೆ ಮನೆಯಿಂದ ಹೊರಗೆ ಹಾಕ್ತಾರೆ" ಅಂದಳು.

ಆಶಾ ಅಕ್ಕ ಹೇಳಿದರು. "ನೀನು ಎರಡನ್ನೂ ಹೇಳಬೇಕು. ಕಾಲು ತೋರಿಸಿ ಕೆಮ್ಮು ಮುಚ್ಚಿಟ್ಟರೆ ಡಾಕ್ಟರಿಗೆ ಅರ್ಧ ತೋರಿಸಿದ ಹಾಗೆ."

ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. 1959ರಲ್ಲಿ ಶುರುವಾಯಿತು. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಇದೇ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯ ಇದ್ದವರನ್ನು ಮಾತನಾಡಿಸಿದರು. 1963ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಹಳ್ಳಿಯವರಿಗೆ ಏನೂ ತಿಳಿಯದು, ಅವರು ಆಸ್ಪತ್ರೆಗೇ ಬರುವುದಿಲ್ಲ ಎಂದು ಪಟ್ಟಣದವರು ಅಂದುಕೊಂಡಿದ್ದರು. ಅದು ಸುಳ್ಳಾಯಿತು. ತಮಗೆ ಕಾಯಿಲೆ ಇದೆ ಎಂದು ಹೆಚ್ಚಿನವರಿಗೆ ಗೊತ್ತಿತ್ತು. ಸುಮಾರು ಅರ್ಧದಷ್ಟು ಜನ ಮದ್ದು ಕೇಳಿಕೊಂಡು ಹೋಗಿಯೂ ಬಂದಿದ್ದರು. ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ. ಕಫ ಪರೀಕ್ಷೆ ಆಗಿರಲಿಲ್ಲ.

ಆದ್ದರಿಂದ ನೀವೇ ಬಾಯಿಬಿಟ್ಟು ಕೇಳಿ. "ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದೆ. ಕಾಲಲ್ಲಿ ಗಂಟು ಎದ್ದಿದೆ. ಕಫ ಪರೀಕ್ಷೆ ಮಾಡಿಸಿ." ಇಷ್ಟು ಹೇಳಲು ನಾಚಿಕೆ ಬೇಡ.

ಸರ್ಕಾರಿ ಆಸ್ಪತ್ರೆಯಲ್ಲಿ ಸೊಸೆಗೆ ಸಣ್ಣ ಡಬ್ಬಿ ಕೊಟ್ಟರು. ಒಂದು ಕಫ ಅಲ್ಲೇ. ಇನ್ನೊಂದು ಮಾರನೇ ಬೆಳಗ್ಗೆ ಎದ್ದ ಕೂಡಲೇ. ಮೊದಲ ಸಲ ಅವಳು ಬರೀ ಎಂಜಲು ಉಗಿದಳು. ಸುತ್ತ ಜನ ಇದ್ದರು, ಕೆಮ್ಮಲು ಸಂಕೋಚ. ಎಂಜಲಿನಲ್ಲಿ ಕ್ರಿಮಿ ಸಿಗುವುದು ಕಷ್ಟ. ಎಷ್ಟೋ ಹೆಂಗಸರ ಕಾಯಿಲೆ ಹೀಗೇ ಪರೀಕ್ಷೆಯಲ್ಲಿ ತಪ್ಪಿಹೋಗುತ್ತದೆ. ಹೊರಗೆ ಬಯಲಿಗೆ ಹೋಗಿ, ಉಸಿರು ಒಳಗೆ ಎಳೆದು, ಎದೆಯಾಳದಿಂದ ಕೆಮ್ಮಿ ಕಫ ತೆಗೆಯಬೇಕು. ಈಗ ಅನೇಕ ಕಡೆ ಕಫವನ್ನು ಯಂತ್ರಕ್ಕೆ ಹಾಕಿ ನೋಡುತ್ತಾರೆ. ಕ್ರಿಮಿ ಇದೆಯೇ, ಅದು ಮುಖ್ಯ ಮಾತ್ರೆಗೆ ಬಗ್ಗುತ್ತದೆಯೇ ಎರಡೂ ತಿಳಿಯುತ್ತದೆ. ಎದೆಯ ಎಕ್ಸ್‌ರೇ ಕೂಡ ತೆಗೆಯುತ್ತಾರೆ. ಕೆಲವರಿಗೆ ತೋಳಿಗೆ ಸಣ್ಣ ಸೂಜಿ ಚುಚ್ಚಿ ಎರಡು ಮೂರು ದಿನ ಬಿಟ್ಟು ಊತ ಅಳೆಯುತ್ತಾರೆ. ಅಳೆಸಲು ಮರಳಿ ಹೋಗದಿದ್ದರೆ ಆ ಸೂಜಿ ದಂಡ.

ಕಫದಲ್ಲಿ ಕ್ರಿಮಿ ಸಿಕ್ಕಿತು.

ಸಂತೆಯ ಊರಿನಲ್ಲಿ ಹಾಕಿಸಿದ ಸೂಜಿಯ ವಿಷಯ ಕೇಳಿ ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. ಊತ ಇಳಿಸುವ ಸ್ಟೀರಾಯ್ಡ್ ಎಂಬ ಮದ್ದು ಇದೆ. ಅದು ಕಾವಲು ಪಡೆಯನ್ನು ಮಲಗಿಸುತ್ತದೆ. ಗಂಟು ಇಳಿಯುತ್ತದೆ, ಸರಿ. ಆದರೆ ಕ್ಷಯದ ಮಾತ್ರೆ ಕೊಡದೆ ಅದೊಂದನ್ನೇ ಕೊಟ್ಟರೆ ಒಳಗಿನ ಕ್ರಿಮಿ ಬೆಳೆಯುತ್ತದೆ. ಯಾರಾದರೂ ಸೂಜಿ ಎತ್ತಿದರೆ "ಇದು ಯಾವ ಮದ್ದು?" ಎಂದು ಕೇಳಿ. ಚೀಟಿ ಬರೆಸಿಕೊಳ್ಳಿ. ನಿಮಗೀಗ ಓದಲು ಬರುತ್ತದಲ್ಲ. ಇಂಗ್ಲಿಷಿನಲ್ಲಿದ್ದರೆ ಆಶಾ ಅಕ್ಕನಿಗೆ ತೋರಿಸಿ.

ಕಾಲಿನ ನೋವಿಗೆ ಡಾಕ್ಟರಮ್ಮ ಹೇಳಿದ್ದು ಇಷ್ಟೆ. ಕಾಲು ಎತ್ತರಕ್ಕಿಟ್ಟು ಮಲಗು. ತಣ್ಣೀರು ಬಟ್ಟೆ ಹಾಕು. ನಾನು ಕೊಟ್ಟ ನೋವಿನ ಮಾತ್ರೆ ಮಾತ್ರ ನುಂಗು. ಗಂಟು ಹಿಚುಕಬೇಡ, ಉಜ್ಜಬೇಡ.

"ಕಾಲು ಎತ್ತರಕ್ಕಿಟ್ಟು ಮಲಗಿದರೆ ಹಸು ಹಾಲು ಕರೆಯೋರು ಯಾರು?" ಅಂದಳು ಸೊಸೆ.

"ನಾನು ಇಲ್ಲವಾ?" ಅಂದರು ಅತ್ತೆ.

ತವರಿಗೆ ಕಳಿಸಬೇಕೆ?

ಮನೆಗೆ ಬಂದ ಮೇಲೆ ನೆಂಟರು ಸೇರಿದರು. "ವಾಸಿ ಆಗೋ ತನಕ ತವರಿಗೆ ಕಳಿಸಿ. ಮಗುಗೆ ಅಂಟಿದ್ರೆ?" ಅಂದರು.

ಹಿಂದೆ ಹಾಗೇ ನಡೆಯುತ್ತಿತ್ತು. ಕ್ಷಯ ಬಂದವರನ್ನು ದೂರದ ಆಸ್ಪತ್ರೆಗೆ ಸೇರಿಸಿ ತಿಂಗಳುಗಟ್ಟಲೆ ಇಡುತ್ತಿದ್ದರು. 1956ರಿಂದ ಮದ್ರಾಸಿನಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ಕೆಲವು ರೋಗಿಗಳನ್ನು ಆಸ್ಪತ್ರೆಯಲ್ಲಿಟ್ಟು ಮಾತ್ರೆ ಕೊಟ್ಟರು. ಕೆಲವರಿಗೆ ಅವರ ಬಡ ಮನೆಯಲ್ಲೇ ಅದೇ ಮಾತ್ರೆ ಕೊಟ್ಟರು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ವಾಸಿಯಾದರು. ಅವರ ಮನೆಯವರಿಗೆ ಅದರಿಂದ ಕಾಯಿಲೆ ಹೆಚ್ಚೇನೂ ಆಗಲಿಲ್ಲ. ಈ ಫಲ 1959ರಲ್ಲಿ ಪ್ರಕಟವಾಯಿತು. ಆಮೇಲೆ ಲೋಕದ ಬೇರೆ ದೇಶಗಳೂ ಇದೇ ದಾರಿ ಹಿಡಿದವು.

ಕಾರಣ ಇದು. ಸರಿಯಾದ ಮಾತ್ರೆ ಶುರುವಾದ ಕೆಲವೇ ವಾರಗಳಲ್ಲಿ ಕೆಮ್ಮಿನಿಂದ ಹರಡುವುದು ಬಹಳ ತಗ್ಗುತ್ತದೆ. ಮನೆಯವರಿಗೆ ಅಂಟಿದ್ದರೆ ಮಾತ್ರೆ ಶುರುವಾಗುವ ಮೊದಲೇ ಅಂಟಿರುತ್ತದೆ. ಹಾಗಾಗಿ ಸೊಸೆಯನ್ನು ಕಳಿಸುವುದರಿಂದ ಲಾಭವಿಲ್ಲ. ಮನೆಯವರೆಲ್ಲ ಪರೀಕ್ಷೆ ಮಾಡಿಸಬೇಕು. ಮಾಡಿಸಿದರು. ಅತ್ತೆಗೆ, ಗಂಡನಿಗೆ ಕಾಯಿಲೆ ಇರಲಿಲ್ಲ. ಮಗುವಿಗೂ ಇರಲಿಲ್ಲ. ಆದರೂ ಮಗು ಚಿಕ್ಕದು. ಮುಂದೆ ಬಾರದಿರಲಿ ಎಂದು ಅದಕ್ಕೆ ತಡೆಯ ಮದ್ದು ಕೊಟ್ಟರು. ಸೊಸೆ ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿದಳು. ಮಲಗುವ ಕೋಣೆಯ ಕಿಟಕಿ ತೆರೆದಿಟ್ಟರು. ತಟ್ಟೆ ಲೋಟ ಬೇರೆ ಮಾಡಲಿಲ್ಲ. ತಟ್ಟೆಯಿಂದ ಕ್ಷಯ ಬರುವುದಿಲ್ಲ. ಎದೆಹಾಲು ಕುಡಿಸುವ ತಾಯಿಯೂ ಮಾತ್ರೆ ನುಂಗುತ್ತಾ, ಬಾಯಿ ಮುಚ್ಚಿಕೊಂಡು ಹಾಲು ಕುಡಿಸಬಹುದು.

ಆರು ತಿಂಗಳು

ಮದ್ದು ಸಾಮಾನ್ಯವಾಗಿ 6 ತಿಂಗಳು. ಮೊದಲ 2 ತಿಂಗಳು ನಾಲ್ಕು ಬಗೆಯ ಮದ್ದು. ಉಳಿದ 4 ತಿಂಗಳು ಮೂರು ಬಗೆ. ಎಷ್ಟು ಮಾತ್ರೆ ಅನ್ನುವುದು ಮೈತೂಕದ ಮೇಲೆ. ಸರ್ಕಾರಿ ಆಸ್ಪತ್ರೆಯಲ್ಲಿ ಹಣ ಕೊಡಬೇಕಿಲ್ಲ. ಊಟಕ್ಕೆಂದು ಸರ್ಕಾರ ರೋಗಿಯ ಬ್ಯಾಂಕ್ ಖಾತೆಗೆ ಹಣ ಹಾಕುತ್ತದೆ. 2018ರಲ್ಲಿ ತಿಂಗಳಿಗೆ 500 ರೂಪಾಯಿ ಎಂದು ಶುರುವಾಯಿತು. 2024ರ ನವೆಂಬರಿನಿಂದ ಅದನ್ನು 1,000 ರೂಪಾಯಿ ಮಾಡಿದರು. ಖಾತೆ ನಿಮ್ಮ ಹೆಸರಲ್ಲಿರಲಿ. ಹಣ ಬಂತೇ ಎಂದು ಪಾಸ್‌ಬುಕ್ ಓದಿ ನೋಡಿ.

ಮಾತ್ರೆ ನುಂಗಿದ ಮೊದಲ ದಿನ ಸೊಸೆ ಹೆದರಿದಳು. ಮೂತ್ರ ಕಿತ್ತಳೆ ಬಣ್ಣಕ್ಕೆ ಬಂದಿತ್ತು. ಅದು ಮಾತ್ರೆಯ ಬಣ್ಣ, ರಕ್ತವಲ್ಲ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ಮೈಯೆಲ್ಲ ತುರಿಸಿ ದದ್ದು ಎದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ಗುಟ್ಟಿನ ಮಾತು. ಇದನ್ನು ಹೆಂಗಸರಿಗೆ ಎಷ್ಟೋ ಸಲ ಯಾರೂ ಹೇಳುವುದಿಲ್ಲ. ಕ್ಷಯದ ಒಂದು ಮಾತ್ರೆ ಗರ್ಭ ತಡೆಯುವ ಮಾತ್ರೆಯ ಶಕ್ತಿ ಕುಗ್ಗಿಸುತ್ತದೆ. ದಿನವೂ ಗರ್ಭ ತಡೆಯುವ ಮಾತ್ರೆ ನುಂಗುತ್ತಿದ್ದರೂ ಬಸಿರಾಗಬಹುದು. ಆ ತಿಂಗಳುಗಳಲ್ಲಿ ನಿರೋಧ್ ಬಳಸಿ, ಇಲ್ಲವೇ ಕಾಪರ್-ಟಿ ವಿಷಯ ನರ್ಸಮ್ಮನ ಹತ್ತಿರ ಕೇಳಿ.

ಐದನೇ ವಾರಕ್ಕೆ ಸೊಸೆಯ ಕಾಲಿನ ಗಂಟು ಇಳಿಯಿತು. ಹಳದಿ ಹಸಿರು ಕಲೆ ಮಾತ್ರ ಉಳಿಯಿತು, ಅದೂ ಹೋಯಿತು. ಸಂಕ್ರಾಂತಿ ಹೊತ್ತಿಗೆ ಕೆಮ್ಮು ಇಲ್ಲ, ಜ್ವರ ಇಲ್ಲ. ಅವಳು ತವರಿಗೆ ಹೊರಟಳು. ಹಬ್ಬಕ್ಕೆ.

"ಮಾತ್ರೆ ಇಲ್ಲೇ ಇರಲಿ ಅತ್ತೆ. ಎಲ್ಲಾ ವಾಸಿ ಆಯ್ತಲ್ಲ. ಅಲ್ಲಿ ಅಕ್ಕಪಕ್ಕದವರು ಕೇಳ್ತಾರೆ" ಅಂದಳು.

ಇಂಥ ಹೊತ್ತಿನಲ್ಲೇ ಬಹಳ ಜನ ಮಾತ್ರೆ ಬಿಡುತ್ತಾರೆ. ನಾಯಿ ಬೊಗಳುವುದು ನಿಂತಿದೆ, ಕಳ್ಳ ಇನ್ನೂ ಮೂಲೆಯಲ್ಲಿ ಕೂತಿದ್ದಾನೆ. ಅರ್ಧಕ್ಕೆ ಬಿಟ್ಟರೆ ಉಳಿದ ಕ್ರಿಮಿ ಮತ್ತೆ ಬೆಳೆಯುತ್ತದೆ. ಮುಂದೆ ಅದೇ ಮಾತ್ರೆಗೆ ಬಗ್ಗದೆ ಹೋಗಬಹುದು. ಅತ್ತೆ ಆಶಾ ಅಕ್ಕನನ್ನು ಕರೆಸಿದರು. ಆಶಾ ಅಕ್ಕ ದಿನ ಎಣಿಸಿ ಮಾತ್ರೆ ಪಟ್ಟಿ ಕೊಟ್ಟರು. ಅತ್ತೆ ಅದನ್ನು ಎಳ್ಳು ಬೆಲ್ಲದ ಡಬ್ಬಿಯ ಅಡಿಯಲ್ಲಿಟ್ಟು ಕಳಿಸಿದರು.

ಖಾಲಿ ಪಟ್ಟಿಗಳನ್ನು ಅತ್ತೆ ಎಸೆಯಲಿಲ್ಲ. ಗೂಡಿನಲ್ಲಿ ಸೇರಿಸಿಟ್ಟರು. ಓದಲು ಕಲಿತ ಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ದಿನವೂ ಒಂದು ಗೆರೆ ಹಾಕುತ್ತಿದ್ದರು. ವೈಶಾಖದಲ್ಲಿ ಕೊನೆಯ ಗೆರೆ ಬಿತ್ತು. ಮತ್ತೆ ಕಫ ನೋಡಿದರು. ಕ್ರಿಮಿ ಇರಲಿಲ್ಲ. ಸೊಸೆ ಹಳೆಯ ರವಿಕೆಗಳ ಹೊಲಿಗೆ ಬಿಚ್ಚಿದಳು.

ಅದೇ ವಾರ ಪಕ್ಕದ ಮನೆಯಾಕೆ ಬಂದರು, ಹುತ್ತಕ್ಕೆ ಹಾಲೆರೆಯಿರಿ ಅಂದವರು. ಸ್ವಲ್ಪ ಹೊತ್ತು ಅದು ಇದು ಮಾತಾಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು.

"ನನ್ನ ಮಗಳಿಗೆ ಮೂರು ವಾರದಿಂದ ಕೆಮ್ಮು ಕಣವ್ವ. ಕಫದ ಡಬ್ಬಿ ಅಂದ್ಯಲ್ಲ, ಅದು ಎಲ್ಲಿ ಕೊಡ್ತಾರೆ?"